ಕಾಗದದ ಮೇಲೆ ತಿರುಗುವ ಜನರೇಟರು

ಪುಣೆಯಿಂದ ಹೈದರಾಬಾದಿಗೆ ಸಾಗುವ ಹೆದ್ದಾರಿಯಲ್ಲಿ ಉಮರ್ಗಾ ಪಟ್ಟಣವನ್ನು ದಾಟಿ ಬಂದವರಿಗೆ, ಮಹಾರಾಷ್ಟ್ರ ಎಲ್ಲಿ ಮುಗಿಯಿತು, ಕರ್ನಾಟಕ ಎಲ್ಲಿ ಮೊದಲಾಯಿತು ಎಂಬುದು ಫಲಕವನ್ನು ಓದಿದ ಹೊರತು ತಿಳಿಯುವುದಿಲ್ಲ. ಅದೇ ತೊಗರಿಯ ಹೊಲ, ಅದೇ ಜೋಳದ ರೊಟ್ಟಿ. ಕನ್ನಡ, ಮರಾಠಿ, ಉರ್ದು ಮೂರೂ ಒಂದೇ ನಾಲಗೆಯ ಮೇಲೆ ಕೂಡಿ ಬಾಳುವ ಸೀಮೆ. ಎಡಕ್ಕೆ ಬಸವಕಲ್ಯಾಣದ ಹಾದಿ ಕವಲೊಡೆಯುತ್ತದೆ. ನೇರ ಮುಂದೆ ಹೋದರೆ ಹುಮನಾಬಾದ್. ಗಡಿಯಾಚೆಯ ಹೆಣ್ಣನ್ನು ತರುವುದೂ ಈಚೆಯ ಹೆಣ್ಣನ್ನು ಕೊಡುವುದೂ ಇಲ್ಲಿ ಹೊಸತಲ್ಲ.

ಆದರೂ 2013ರ ಡಿಸೆಂಬರ್ 31ರವರೆಗೆ ಇಲ್ಲಿ ಕಣ್ಣಿಗೆ ಕಾಣದ ಒಂದು ಗಡಿ ಇದ್ದೇ ಇದ್ದಿತು. ಮಾವನ ಮನೆ ಬಸವಕಲ್ಯಾಣದಲ್ಲಿ, ಅಳಿಯನ ಮನೆ ಉಮರ್ಗಾದಲ್ಲಿ ಎಂದಿಟ್ಟುಕೊಳ್ಳಿ. ಇಬ್ಬರೂ ಒಂದೇ ಕಂಪನಿಯ ಫ್ಯಾನು ಕೊಂಡಿದ್ದಾರೆ. ಮಾವನ ಫ್ಯಾನು ದಕ್ಷಿಣ ಭಾರತದ ವಿದ್ಯುಜ್ಜಾಲದ ತಾಳಕ್ಕೆ ತಿರುಗುತ್ತಿದ್ದರೆ, ಅಳಿಯನದು ಪಶ್ಚಿಮದ ಜಾಲದ ತಾಳಕ್ಕೆ ತಿರುಗುತ್ತಿತ್ತು. ಎರಡಕ್ಕೂ ನಿಗದಿಯಾದ ಆವರ್ತನ ಸೆಕೆಂಡಿಗೆ 50 ಎಂಬುದು ನಿಜ. ಆದರೆ ಇಲ್ಲಿ 49.6 ಇದ್ದಾಗ ಅಲ್ಲಿ 49.9 ಇರಬಹುದಾಗಿತ್ತು, ಈ ಎರಡು ತಾಳಗಳನ್ನು ಒಂದುಗೂಡಿಸುವ ತಂತಿ ನಡುವೆ ಇರಲಿಲ್ಲ. ಆ ದಿನ ರಾಯಚೂರಿನಿಂದ ಸೊಲ್ಲಾಪುರಕ್ಕೆ 765 ಕಿಲೋವೋಲ್ಟಿನ ಮಾರ್ಗ ಜೀವ ತಳೆಯಿತು. ಅಂದಿನಿಂದ ಕಾಶ್ಮೀರದ ದೀಪಕ್ಕೂ ಕನ್ಯಾಕುಮಾರಿಯ ದೀಪಕ್ಕೂ ಒಂದೇ ತಾಳ.

ಹೀಗೆ ಕೂಡಿಸುವ ಮುನ್ನ “ಕೂಡಿಸಿದರೆ ಏನಾದೀತು?” ಎಂದು ಲೆಕ್ಕ ಹಾಕಿ ಹೇಳುವವರು ಬೇಕಾಗುತ್ತಾರೆ. ಈ ವಾರ ನಾನು ಪರಿಚಯಿಸಬೇಕೆಂದಿರುವುದು ಅವರ ವೃತ್ತಿಯನ್ನೇ. ವೈದ್ಯರ, ವಕೀಲರ, ಸೇತುವೆ ಕಟ್ಟುವ ಇಂಜಿನಿಯರರ ಕೆಲಸವನ್ನು ಯಾರೂ ವಿವರಿಸಬೇಕಾಗಿಲ್ಲ. ಇವರದು ಹಾಗಲ್ಲ. ಕಲಬುರಗಿಯಲ್ಲಿ 1958ರಷ್ಟು ಹಿಂದೆಯೇ ಪೂಜ್ಯ ದೊಡ್ಡಪ್ಪ ಅಪ್ಪ ಇಂಜಿನಿಯರಿಂಗ್ ಕಾಲೇಜು ಆರಂಭವಾಯಿತು. ಆ ಸೀಮೆಯ ಹುಡುಗನೊಬ್ಬ ಓದು ಮುಗಿಸಿ ಬೆಂಗಳೂರಿನಲ್ಲಿ ಈ ಕೆಲಸ ಹಿಡಿದನೆಂದು ಊಹಿಸಿಕೊಳ್ಳಿ. ಹಬ್ಬಕ್ಕೆ ಊರಿಗೆ ಬಂದಾಗ ತಾಯಿ ಕೇಳದೆ ಬಿಡುವಳೆ?

“ಕರೆಂಟಿನ ಇಂಜಿನಿಯರ್ ಅಂತೀ. ಮನ್ಯಾಗ ಫ್ಯೂಜ್ ಹೋದ್ರ ಲೈನ್‌ಮನ್ನನ್ನೇ ಕರೀಬೇಕು. ಮತ್ತ ನೀ ಏನ್ ಮಾಡ್ತೀಯೋ ತಮ್ಮಾ?”

“ನಾ ಲೆಕ್ಕದಾಗ ಜನರೇಟರ್ ತಿರುಗಸ್ತೀನಿ, ಅವ್ವಾ.”

“ಲೆಕ್ಕದಾಗ ತಿರುಗಿದ್ರ ದೀಪ ಹತ್ತತಾವೇನು?”

ಲೆಕ್ಕದಿಂದ ದೀಪ ಹೊತ್ತುವುದಿಲ್ಲ. ಆದರೆ ಲೆಕ್ಕ ತಪ್ಪಿದರೆ ಹೊತ್ತಿದ ದೀಪ ಆರೀತು.

ಹುಮನಾಬಾದಿನ ವೀರಭದ್ರೇಶ್ವರನ ತೇರನ್ನು ನೋಡಿದವರಿಗೆ ಇದನ್ನು ವಿವರಿಸುವುದು ಸುಲಭ. ನೂರಾರು ಕೈ, ಒಂದೇ ಎಳೆತ. ನಾಲ್ವರು ಕೈಬಿಟ್ಟರೆ ಅವರ ಪಾಲಿನ ಭಾರ ಉಳಿದವರ ತೋಳಿಗೆ ಬೀಳುತ್ತದೆ. ತೇರಿನ ವೇಗ ಕುಗ್ಗುತ್ತದೆ. ವಿದ್ಯುಜ್ಜಾಲದಲ್ಲಿ ಜನರೇಟರುಗಳೇ ಆ ಕೈಗಳು. ರಾಯಚೂರಿನ ಶಕ್ತಿನಗರದ ಉಗಿಯಂತ್ರ ನಿಮಿಷಕ್ಕೆ 3,000 ಸುತ್ತು ಸುತ್ತುತ್ತದೆ. ಶರಾವತಿಯ ಜಲಯಂತ್ರದ ನಡೆ ಬಹಳ ನಿಧಾನ, ಆದರೆ ಅದರ ಕಾಂತಧ್ರುವಗಳ ಸಂಖ್ಯೆ ಹೆಚ್ಚು. ಕೊನೆಗೆ ಎಲ್ಲದರಿಂದ ಹೊರಡುವ ತಾಳ ಒಂದೇ. ಎಲ್ಲಿಯೋ ಒಂದು ದೊಡ್ಡ ಯಂತ್ರ ನಿಂತುಹೋಯಿತೆನ್ನಿ. ಕಣ್ಣು ಮಿಟುಕಿಸುವಷ್ಟರಲ್ಲಿ ಉಳಿದವು ಆ ಭಾರವನ್ನು ಹೊರಬೇಕು. ಹೊರುತ್ತವೆಯೇ, ಅಥವಾ ಒಂದರ ಹಿಂದೆ ಒಂದು ಹಗ್ಗ ಬಿಟ್ಟು ಓಡುತ್ತವೆಯೇ? ನಡೆಯುತ್ತಿರುವ ಜಾಲದಲ್ಲಿ ಇದನ್ನು ಪ್ರಯೋಗ ಮಾಡಿ ನೋಡುವಂತಿಲ್ಲ. ಆದ್ದರಿಂದ ಪ್ರತಿಯೊಂದು ಜನರೇಟರಿಗೂ ಗಣಿತದ ಪ್ರತಿರೂಪವೊಂದನ್ನು ಕಟ್ಟಿ, ಗಣಕಯಂತ್ರದೊಳಗೆ ಅವುಗಳನ್ನು ಕಟ್ಟಿಹಾಕಿ, ಸೆಕೆಂಡಿನ ನೂರನೆಯ ಒಂದು ಭಾಗದಷ್ಟು ಸಣ್ಣ ಹೆಜ್ಜೆಗಳಲ್ಲಿ ನಡೆಸಿ ನೋಡುತ್ತಾರೆ.

ಪ್ರತಿರೂಪದಲ್ಲಿ ಮುಖ್ಯವಾದವು ಮೂರು. ಮೊದಲನೆಯದು ತಿರುಗುವ ಉಕ್ಕಿನ ರಾಶಿಯ ಜಡತ್ವ. ಇಂಧನ ಒಮ್ಮೆಗೇ ನಿಂತರೂ ಆ ರಾಶಿಯಲ್ಲಿ ಅಡಗಿದ ಚಲನೆಯ ಶಕ್ತಿ, ಯಂತ್ರದ ಪೂರ್ಣ ಉತ್ಪಾದನೆಗೆ ಕೆಲವೇ ಸೆಕೆಂಡುಗಳ ಕಾಲ ಸಾಕಾಗುವಷ್ಟು ಇರುತ್ತದೆ. ಆ ಕೆಲವು ಸೆಕೆಂಡುಗಳೇ ಜಾಲದ ಆಯುಸ್ಸು. ಎರಡನೆಯದು ಜನರೇಟರಿನ ಕಾಂತಕ್ಕೆ ಪ್ರವಾಹವೊದಗಿಸಿ ವೋಲ್ಟೇಜನ್ನು ಕಾಯುವ ಉದ್ದೀಪಕ. ಮೂರನೆಯದು ಗವರ್ನರ್. ಇವರು ರಾಜಭವನದಲ್ಲಿರುವವರಲ್ಲ, ವೇಗ ಕುಗ್ಗಿದರೆ ಉಗಿಯ ಅಥವಾ ನೀರಿನ ಬಾಗಿಲನ್ನು ಇನ್ನಷ್ಟು ತೆರೆಯುವ ಉಪಕರಣ.

ಗೃಹಿಣಿಯರು ಮನೆಯ ಲೆಕ್ಕ ಬರೆಯುವವರೇ ಆದುದರಿಂದ ಒಂದು ಸಣ್ಣ ಲೆಕ್ಕವನ್ನು ಮುಂದಿಡುತ್ತೇನೆ. ಶಕ್ತಿನಗರದ ಒಂದು ಘಟಕದ ಸಾಮರ್ಥ್ಯ 210 ಮೆಗಾವಾಟ್. ವೇಗ ನೂರಕ್ಕೆ 5ರಷ್ಟು ಕುಗ್ಗಿದರೆ ಪೂರ್ಣ ಸಾಮರ್ಥ್ಯದಷ್ಟು ಹೆಚ್ಚು ಕೊಡು ಎಂದು ಅದರ ಗವರ್ನರಿಗೆ ಆಜ್ಞೆಯಿದೆಯೆಂದು ಇಟ್ಟುಕೊಳ್ಳೋಣ. ಆವರ್ತನ 50ರಿಂದ 49.9ಕ್ಕೆ ಇಳಿದರೆ ಕುಗ್ಗಿದ್ದು ನೂರಕ್ಕೆ 0.2, ಆದ್ದರಿಂದ ಅದು ಕೊಡಬೇಕಾದದ್ದು 8.4 ಮೆಗಾವಾಟ್. ಆದರೆ ಆ ಘಟಕ ಆಗಲೇ 210ನ್ನೂ ಉತ್ಪಾದಿಸುತ್ತಿದ್ದರೆ? ಅಥವಾ ಯಾರೋ ಗವರ್ನರಿಗೆ ಬೀಗ ಹಾಕಿದ್ದರೆ? ಕಾಗದದ ಮೇಲೆ 8.4 ಬರುತ್ತದೆ, ತಂತಿಯಲ್ಲಿ ಸೊನ್ನೆ ಬರುತ್ತದೆ. ತಿಂಗಳ ಕೊನೆಯಲ್ಲಿ ಬರಬೇಕಾದ ಸಾಲ ಬಂದೇ ಬರುತ್ತದೆಂದು ಖರ್ಚು ಮಾಡಿದವನ ಪಾಡು!

ಇದು ಬರಿಯ ಭಯವಲ್ಲ, ನಡೆದ ಕಥೆ. 1996ರ ಆಗಸ್ಟ್ 10, ಅಮೆರಿಕದ ಪಶ್ಚಿಮ ಭಾಗ. ಬೇಸಗೆಯ ಬಿಸಿಗೆ ಜೋಲುಬಿದ್ದ ತಂತಿಗಳು ಮರಗಳಿಗೆ ತಗುಲಿ ಕಡಿದುಕೊಂಡವು. ಅದರ ಹಿಂದೆಯೇ ಕೊಲಂಬಿಯಾ ನದಿಯ ಮೇಲಿನ ಮ್ಯಾಕ್‌ನರಿ ವಿದ್ಯುದಾಗಾರದ 13 ಜನರೇಟರುಗಳು ಒಂದೊಂದಾಗಿ ಜಾಲದಿಂದ ಕಳಚಿಕೊಂಡವು. ಶಕ್ತಿಯ ಹರಿವು ಉಯ್ಯಾಲೆಯಂತೆ ತೂಗಲಾರಂಭಿಸಿತು. ಪ್ರತಿ ತೂಗಿಗೂ ಹೆಚ್ಚುತ್ತ ಹೋಗಿ ಜಾಲವು ನಾಲ್ಕು ತುಂಡಾಯಿತು. ಸುಮಾರು 75 ಲಕ್ಷ ಗ್ರಾಹಕರಿಗೆ ವಿದ್ಯುತ್ತು ನಿಂತಿತು. ಅನಂತರ ಇಂಜಿನಿಯರರು ಅದೇ ಘಟನೆಯನ್ನು ತಮ್ಮಲ್ಲಿದ್ದ ಪ್ರತಿರೂಪಗಳಲ್ಲಿ ನಡೆಸಿ ನೋಡಿದರು. ಗಣಕಯಂತ್ರ ಹೇಳಿದ್ದೇನು? ಏನೂ ಆಗುವುದಿಲ್ಲ, ಉಯ್ಯಾಲೆ ತಾನಾಗಿ ನಿಲ್ಲುತ್ತದೆ! ರೋಗಿ ತೀರಿಕೊಂಡ ಮೇಲೆ ಜಾತಕ ನೋಡಿದರೆ ದೀರ್ಘಾಯುಷ್ಯ ಎಂದಿದ್ದ ಹಾಗೆ. ಲೆಕ್ಕದಲ್ಲಿ ವಿಧೇಯರಾಗಿದ್ದ ಅನೇಕ ಗವರ್ನರುಗಳು ವಾಸ್ತವದಲ್ಲಿ ಕೈಕಟ್ಟಿ ಕುಳಿತಿದ್ದುದು ಇದಕ್ಕೆ ಒಂದು ಕಾರಣವೆಂದು ಮುಂದೆ ತಿಳಿಯಿತು. ಜನರೇಟರುಗಳನ್ನು ಪರೀಕ್ಷಿಸಿ ಪ್ರತಿರೂಪವನ್ನು ತಾಳೆ ನೋಡಲೇಬೇಕೆಂಬ ಕಟ್ಟಳೆ ಆ ನಾಡಿನಲ್ಲಿ ಹುಟ್ಟಿದ್ದು ಆ ಮೇಲೆ.

ನಮ್ಮ ದೇಶಕ್ಕೂ ಅಂಥ ದಿನ ಬಂದಿತು. 2012ರ ಜುಲೈ 30ರ ನಡುರಾತ್ರಿ ಕಳೆದು ಎರಡೂವರೆಯ ಸುಮಾರಿಗೆ ಬೀನಾ–ಗ್ವಾಲಿಯರ್ ಮಾರ್ಗ ಕಳಚಿತು. ಅಲ್ಲಿ ಯಾವ ತಂತಿಯೂ ಹರಿದಿರಲಿಲ್ಲ. ಮಿತಿಮೀರಿದ ಭಾರವನ್ನೇ ಕಾವಲು ಉಪಕರಣವು ದೋಷವೆಂದು ತಿಳಿದಿತ್ತು. ಉತ್ತರದ ಜಾಲ ಕುಸಿಯಿತು. ಮರುದಿನ ಮಧ್ಯಾಹ್ನ ಮತ್ತೆ ಕುಸಿಯಿತು. ಈ ಬಾರಿ ಪೂರ್ವವನ್ನೂ ಈಶಾನ್ಯವನ್ನೂ ಜೊತೆಗೆಳೆದುಕೊಂಡಿತು. 60 ಕೋಟಿಗೂ ಹೆಚ್ಚು ಜನ ವಾಸಿಸುವ ಪ್ರದೇಶವದು. ರೈಲುಗಳು ನಿಂತವು, ಗಣಿಯೊಳಗೆ ಇಳಿದವರು ಮೇಲೆ ಬರಲಾರದೆ ಸಿಕ್ಕಿಕೊಂಡರು. ಆ ಹೊತ್ತಿನಲ್ಲಿ ಬಸವಕಲ್ಯಾಣದ ಮಾವ, ಉಮರ್ಗಾದ ಅಳಿಯ ಇಬ್ಬರೂ ಪಾರಾದರು, ಆದರೆ ಬೇರೆ ಬೇರೆ ರೀತಿಯಲ್ಲಿ. ಅಳಿಯನ ಪಶ್ಚಿಮದ ಜಾಲ ಉತ್ತರದೊಂದಿಗೆ ಒಂದೇ ಹಗ್ಗ ಹಿಡಿದಿತ್ತು. ಕಡೆಯ ಗಳಿಗೆಯಲ್ಲಿ ಬೇರ್ಪಟ್ಟು ಉಳಿಯಿತು. ಮಾವನ ದಕ್ಷಿಣದ ಜಾಲಕ್ಕೂ ಉಳಿದ ದೇಶಕ್ಕೂ ಇದ್ದ ಸಂಬಂಧ ಏಕಮುಖ ಪ್ರವಾಹದ ಮಾರ್ಗಗಳದು ಮಾತ್ರ. ಅವು ಶಕ್ತಿಯನ್ನು ಸಾಗಿಸುತ್ತವೆ, ತಾಳವನ್ನು ಸಾಗಿಸುವುದಿಲ್ಲ.

ಇದಾದ ಹದಿನೇಳು ತಿಂಗಳಿಗೇ ನಾವು ಆ ಹಗ್ಗಕ್ಕೆ ಕೈ ಹಾಕಿದೆವು. ಸರಿಯೇ? ಸರಿಯೆಂದೇ ನನ್ನ ಎಣಿಕೆ. ಹಿರಿಯ ಕುಟುಂಬಕ್ಕೆ ಸೇರಿದವನಿಗೆ ಕಷ್ಟಕಾಲದಲ್ಲಿ ನೆರವು ದೊರೆಯುತ್ತದೆ. ಬೇಸಗೆಯಲ್ಲಿ ಕೊರತೆಯಿಂದ ಬಳಲುತ್ತಿದ್ದ ದಕ್ಷಿಣಕ್ಕೆ ಅದು ಬೇಕಾಗಿತ್ತು. ಆದರೆ ಅಂದಿನಿಂದ ಮನೆಯ ಜಗಳವೂ ನಮ್ಮದೇ. ಎಲ್ಲಿಯೋ ದೂರದ ಯಂತ್ರವೊಂದರ ಗುಣದೋಷ ಹುಮನಾಬಾದಿನ 220 ಕಿಲೋವೋಲ್ಟ್ ಉಪಕೇಂದ್ರದ ಮುಳ್ಳಿನಲ್ಲಿಯೂ ಕಾಣುತ್ತದೆ.

ಯಂತ್ರಗಳ ಗುಣದೋಷ ಕಾಲಕಾಲಕ್ಕೆ ಬದಲಾಗುತ್ತದೆಂಬುದೇ ಈ ವೃತ್ತಿಯ ದೊಡ್ಡ ತೊಡಕು. ಶರಾವತಿ ವಿದ್ಯುದಾಗಾರದ ಹತ್ತು ಘಟಕಗಳು ಮೊದಲು ತಲಾ 89.1 ಮೆಗಾವಾಟಿನವು, ಮುಂದೆ ಅವುಗಳನ್ನು 103.5ಕ್ಕೆ ಏರಿಸಲಾಯಿತು. ಹೀಗೆ ಯಾವುದೇ ಯಂತ್ರದ ಸುರುಳಿ ಬದಲಾಗಬಹುದು, ಉದ್ದೀಪಕ ಹೊಸದಾಗಬಹುದು; ಕಡತದಲ್ಲಿ ಮಾತ್ರ ಹಳೆಯ ಅಂಕಿಗಳೇ ಉಳಿದಿರಬಹುದು. ಆದ್ದರಿಂದ ಪ್ರತಿರೂಪ ಕಟ್ಟುವವನು ಮೇಜನ್ನು ಬಿಟ್ಟು ವಿದ್ಯುದಾಗಾರಕ್ಕೆ ಹೋಗಬೇಕು. ಯಂತ್ರಕ್ಕೆ ನಿಗದಿಮಾಡಿದ ವೋಲ್ಟೇಜನ್ನು ಒಮ್ಮೆಗೇ ನೂರಕ್ಕೆ ಒಂದೆರಡು ಪಾಲು ಏರಿಸಿ ಅದು ಹೇಗೆ ಕಂಪಿಸಿ ನಿಲ್ಲುತ್ತದೆಂಬುದನ್ನು ದಾಖಲಿಸುತ್ತಾನೆ. ಬಳಿಕ ಪ್ರತಿರೂಪಕ್ಕೂ ಅದೇ ತಟ್ಟು ಕೊಡುತ್ತಾನೆ. ಎರಡು ಗೆರೆಗಳೂ ಒಂದರ ಮೇಲೊಂದು ಕುಳಿತರೆ ಸರಿ. ಇಲ್ಲವಾದರೆ ಜಡತ್ವದಿಂದ ಮೊದಲುಮಾಡಿ ಒಂದೊಂದನ್ನೂ ಮತ್ತೆ ಜಾಲಾಡಬೇಕು. ಸಂಬಳ ಬೇರೆ ಉದ್ಯೋಗಗಳಲ್ಲಿ ಇದಕ್ಕಿಂತ ಬೇಗ ಏರುತ್ತದೆಂಬುದನ್ನು ವರಾನ್ವೇಷಣೆಯಲ್ಲಿರುವ ತಂದೆತಾಯಿಗಳು ಬಲ್ಲರು.

ಈಗ ಇನ್ನೊಂದು ಹೊಸ ಬಗೆಯ ಯಂತ್ರ ಬಂದಿದೆ. ಪಾವಗಡದ ಸೌರ ಉದ್ಯಾನದ ಸಾಮರ್ಥ್ಯ 2,050 ಮೆಗಾವಾಟ್. ಅಲ್ಲಿ ತಿರುಗುವ ಉಕ್ಕು ಒಂದು ಗುಂಜಿಯೂ ಇಲ್ಲ. ಬಿಸಿಲನ್ನು ತಂತಿಗೆ ಹೊಂದಿಸಿಕೊಡುವ ಇನ್ವರ್ಟರು ಹೇಗೆ ನಡೆದುಕೊಳ್ಳುವುದೆಂಬುದು ಅದರೊಳಗಿನ ಆಜ್ಞಾವಳಿಯನ್ನು ಬರೆದವನಿಗೆ ಗೊತ್ತು. ಅನೇಕ ವೇಳೆ ಕಂಪನಿ ಅದನ್ನು ಮುಚ್ಚಿದ ಪೆಟ್ಟಿಗೆಯಾಗಿಯೇ ಕೊಡುತ್ತದೆ. ಇಂಜಿನಿಯರನು ಹೊರಗಿನಿಂದ ತಟ್ಟಿ ನೋಡಿ ಒಳಗಿರುವುದನ್ನು ಊಹಿಸಬೇಕು, ಕಲ್ಲಂಗಡಿ ಕೊಳ್ಳುವವರ ಹಾಗೆ. 2023ರ ಅಕ್ಟೋಬರಿನಿಂದ ಜಾರಿಗೆ ಬಂದ ಭಾರತೀಯ ವಿದ್ಯುಜ್ಜಾಲ ಸಂಹಿತೆಯ ಪ್ರಕಾರ ಐದು ವರ್ಷಕ್ಕೊಮ್ಮೆ, ಹಾಗೂ ದೊಡ್ಡ ಮಾರ್ಪಾಡು ನಡೆದಾಗಲೆಲ್ಲ, ಇಂಥ ಪರೀಕ್ಷೆ ನಡೆಯಬೇಕು. ಉಗಿಯಂತ್ರ, ಜಲಯಂತ್ರ, ಸೌರಕೇಂದ್ರ ಯಾವುದಕ್ಕೂ ಅದರಿಂದ ವಿನಾಯಿತಿಯಿಲ್ಲ. ಹಬ್ಬ ಮುಗಿಸಿಕೊಂಡು ಸಸ್ತಾಪುರ ಬಂಗ್ಲಾದಲ್ಲಿ ಬೆಂಗಳೂರಿನ ಬಸ್ಸು ಹತ್ತುವ ಹುಡುಗನ ಚೀಲದಲ್ಲಿ ಅವ್ವ ಕಟ್ಟಿಕೊಟ್ಟ ಶೇಂಗಾ ಚಟ್ನಿಯ ಪಕ್ಕದಲ್ಲಿ, ತಾಳೆಯಾಗದ ಎರಡು ಗೆರೆಗಳ ಹಾಳೆಯೊಂದು ಇದ್ದರೆ ಆಶ್ಚರ್ಯವಿಲ್ಲ.