ಮೊದಲು ನೆಲ ಅಳೆಯೋಣ

ಕುಣಿಯಲಾರದವಳು ನೆಲ ಡೊಂಕು ಎಂದಳಂತೆ. ಕಳೆದ ಆಗಸ್ಟ್‌ನಲ್ಲಿ ನಮ್ಮ ಕಾಲೇಜಿನ ಏರ್ ರೈಫಲ್ ರೇಂಜಿನಲ್ಲಿ ಪ್ರಥಮ ಪಿಯುಸಿಯ ಒಬ್ಬ ಹುಡುಗನಿಗೆ ಈ ಗಾದೆಯನ್ನು ಎಲ್ಲರ ಎದುರು ಹೇಳಿದವನು ನಾನು. ಅವನ ಅಂಕಗಳು ದಿನೇದಿನೇ ಇಳಿಯುತ್ತಿದ್ದವು. "ಭಾಯ್, ನನ್ನ ಕೈ ಸರಿ ಇದೆ. ರೈಫಲ್ಲೇ ಸರಿ ಇಲ್ಲ ಅನ್ನಿಸುತ್ತೆ" ಎಂದ. ನಾನು ಗಾದೆ ಹೇಳಿದೆ, ಎಲ್ಲರೂ ನಕ್ಕರು. ಮರುವಾರದಿಂದ ಅವನು ಅಭ್ಯಾಸಕ್ಕೆ ಬರಲಿಲ್ಲ.

ಆಮೇಲೆ ಅದೇ ರೈಫಲ್ ನನ್ನ ಪಾಲಿಗೆ ಬಂತು. ನನ್ನ ಅಂಕಗಳೂ ಕುಸಿದವು. ಹತ್ತರ ಹತ್ತಿರ ಬೀಳಬೇಕಾದ ಪೆಲೆಟ್ ಒಮ್ಮೆ ಎಂಟಕ್ಕೆ ಬಿದ್ದರೆ ಇನ್ನೊಮ್ಮೆ ಏಳಕ್ಕೆ. ಸೈಟ್ ತಿರುಗಿಸಿದೆ, ಉಸಿರು ಹಿಡಿಯುವ ಕ್ರಮ ಬದಲಿಸಿದೆ, ಪೆಲೆಟ್ ಡಬ್ಬಿಯನ್ನೂ ಬದಲಿಸಿದೆ. ಏನೂ ಪ್ರಯೋಜನವಾಗಲಿಲ್ಲ. ಕೊನೆಗೆ ತರಬೇತಿ ಕೊಡುವ ಸರ್ ಪರಿಚಯದವರಿಂದ ಒಂದು ಭಾನುವಾರದ ಮಟ್ಟಿಗೆ ಕ್ರೋನೋಗ್ರಾಫ್ ತಂದರು. ಪೆಲೆಟ್ ಎಷ್ಟು ವೇಗದಲ್ಲಿ ಹೋಗುತ್ತದೆ ಎಂದು ಅಳೆಯುವ ಸಾಧನ ಅದು. ಗೊತ್ತಾದ ಅಂತರದಲ್ಲಿ ಎರಡು ಬೆಳಕಿನ ಕಣ್ಣುಗಳಿರುತ್ತವೆ. ಒಂದನ್ನು ದಾಟಿ ಇನ್ನೊಂದನ್ನು ದಾಟಲು ಪೆಲೆಟ್ ತೆಗೆದುಕೊಂಡ ಸಮಯದಿಂದ ಆ ಅಂತರವನ್ನು ಭಾಗಿಸಿದರೆ ವೇಗ ಸಿಗುತ್ತದೆ.

10 ಮೀಟರ್ ಸ್ಪರ್ಧೆಯ ರೈಫಲ್‌ಗಳಲ್ಲಿ ಈ ವೇಗ ಸಾಮಾನ್ಯವಾಗಿ ಸೆಕೆಂಡಿಗೆ 170 ಮೀಟರ್ ಆಸುಪಾಸು ಇರುತ್ತದೆ. ನಮ್ಮ ರೈಫಲ್ ಹತ್ತು ಹೊಡೆತಗಳಲ್ಲಿ 171ರಿಂದ 150ರವರೆಗೆ ಓಲಾಡಿತು. ರಿಪೇರಿಯವರು ಬಿಚ್ಚಿ ನೋಡಿದಾಗ ಗಾಳಿಯ ಒತ್ತಡವನ್ನು ಸಮವಾಗಿಡುವ ರೆಗ್ಯುಲೇಟರಿನ ಸೀಲ್ ಸವೆದುಹೋಗಿತ್ತು.

ಇಷ್ಟು ಸಣ್ಣ ವ್ಯತ್ಯಾಸದಿಂದ ಏನಾಗುತ್ತದೆ ಎಂದು ನನಗೂ ಅನ್ನಿಸಿತ್ತು. ವಿಜ್ಞಾನ ವಿಭಾಗದ ಗೆಳೆಯ ಲೆಕ್ಕ ಹಾಕಿಕೊಟ್ಟ. ಗಾಳಿಯ ತಡೆಯನ್ನು ಬಿಟ್ಟು ನೋಡಿದರೂ, 170ರ ವೇಗದ ಪೆಲೆಟ್ 10 ಮೀಟರ್ ಹೋಗುವಷ್ಟರಲ್ಲಿ ಸುಮಾರು 17 ಮಿ.ಮೀ. ಕೆಳಗಿಳಿಯುತ್ತದೆ. 150ರ ವೇಗದ್ದು ಸುಮಾರು 22 ಮಿ.ಮೀ. ಇಳಿಯುತ್ತದೆ. ವ್ಯತ್ಯಾಸ 5 ಮಿ.ಮೀ. ಏರ್ ರೈಫಲ್ ಗುರಿಹಾಳೆಯಲ್ಲಿ ಒಂದು ವೃತ್ತಕ್ಕೂ ಮುಂದಿನದಕ್ಕೂ ಇರುವ ಅಂತರವೇ 2.5 ಮಿ.ಮೀ. ನಡುವಿನ ಹತ್ತರ ಚುಕ್ಕಿಯ ಅಗಲ ಬರೀ ಅರ್ಧ ಮಿ.ಮೀ. ಅಂದರೆ ಕೈ ಕಲ್ಲಿನಂತೆ ನಿಂತರೂ ಎರಡು ಅಂಕ ಹೋದಂತೆಯೇ. ಆ ಹುಡುಗ ಹೇಳಿದ್ದು ನಿಜ. ನೆಲ ಡೊಂಕೇ ಇತ್ತು. ಅಳೆದು ನೋಡದೆ ನಾವು ಕುಣಿಯುವವನನ್ನು ಬೈದೆವು.

ಈಗ ಕ್ರೀಡಾ ವಿಭಾಗದಲ್ಲಿ ಒಂದು ಕ್ರೋನೋಗ್ರಾಫ್ ಕೊಳ್ಳುವ ಮಾತು ನಡೆದಿದೆ. ಯಾವುದನ್ನು ಕೊಳ್ಳಬೇಕು ಎಂಬುದರ ಬಗ್ಗೆ ನನ್ನ ಅಭಿಪ್ರಾಯ ಇದು.

ಅಂದು ಎರವಲು ತಂದದ್ದು ಮೇಲಿನಿಂದ ಬರುವ ಬೆಳಕಿನಲ್ಲಿ ಪೆಲೆಟ್‌ನ ನೆರಳನ್ನು ಗುರುತಿಸುವ ಬಗೆಯದು. ಬಯಲಿನ ಹಗಲು ಬೆಳಕಿಗೆ ಅದು ಚೆನ್ನ. ನಮ್ಮ ರೇಂಜ್ ಇರುವುದು ಕೊಠಡಿಯೊಳಗೆ. ಟ್ಯೂಬ್‌ಲೈಟ್ ನಮ್ಮ ಕಣ್ಣಿಗೆ ಕಾಣದಷ್ಟು ಬೇಗ ಮಿಣುಕುತ್ತದೆ. ಅದರಿಂದ ಸಾಧನ ಮತ್ತೆಮತ್ತೆ ತಪ್ಪು ತೋರಿಸಿತು. ಟ್ಯೂಬ್‌ಲೈಟ್ ಆರಿಸಿ, ಹಳೆಯ ಕಾಲದ ತಂತಿಯ ಬಲ್ಬು ಹಚ್ಚಿದ ಮೇಲೆಯೇ ಅಂಕಿಗಳು ಬಂದವು. ಎರಡನೆಯ ಬಗೆ ರಾಡಾರ್. ರೈಫಲ್ ಪಕ್ಕದಲ್ಲಿ ಇಟ್ಟರೆ ಸಾಕು, ಅದರ ಮೂಲಕ ಹೊಡೆಯಬೇಕಿಲ್ಲ. ಆದರೆ ಬೆಲೆ ಎಷ್ಟೋ ಪಟ್ಟು ಹೆಚ್ಚು. ಮೂರನೆಯದು ಸಣ್ಣ ಸುರಂಗದಂಥ ಪೆಟ್ಟಿಗೆ. ಒಳಗೆ ತನ್ನದೇ ಇನ್‌ಫ್ರಾರೆಡ್ ಬೆಳಕು ಇರುವುದರಿಂದ ಕೊಠಡಿಯ ದೀಪಗಳ ಗೊಡವೆ ಇಲ್ಲ. ನಳಿಗೆಯನ್ನು ಅದರ ನೇರಕ್ಕೆ ಸ್ಟ್ಯಾಂಡಿನ ಮೇಲೆ ಇಟ್ಟು, ಹಿಂದೆ ಪೆಲೆಟ್ ತಡೆಯುವ ಪೆಟ್ಟಿಗೆ ಇಡಬೇಕು, ಅಷ್ಟೆ. ನನ್ನ ಮತ ಇದಕ್ಕೇ. ಆದರೆ ಅಂಕಿ ಅದರ ಪರದೆಯ ಮೇಲೇ ಕಾಣಬೇಕು. ಫೋನಿನ ಆ್ಯಪ್ ಇಲ್ಲದೆ ಓಡದ ಸಾಧನ ನಮಗೆ ಬೇಡ, ಕಾಲೇಜಿಗೆ ಫೋನ್ ತರುವಂತಿಲ್ಲವಲ್ಲ.

ದುಬಾರಿಯದಾದರೆ ಇನ್ನೂ ನಿಖರ ಎನ್ನುವವರಿದ್ದಾರೆ. ಇರಬಹುದು. ಆದರೆ ನಮಗೆ ಬೇಕಾದದ್ದು ವೇಗ 170ಓ 171ಓ ಎಂಬುದಲ್ಲ. ಸಾಧನ ಯಾವಾಗಲೂ ಒಂದು ಮೀಟರ್ ಹೆಚ್ಚು ತೋರಿಸಿದರೂ ನಷ್ಟವಿಲ್ಲ. ಒಂದು ಹೊಡೆತಕ್ಕೂ ಇನ್ನೊಂದಕ್ಕೂ ಎಷ್ಟು ಏರುಪೇರು ಎಂಬುದೇ ಮುಖ್ಯ. ಸಂಖ್ಯಾಶಾಸ್ತ್ರದ ತರಗತಿಯಲ್ಲಿ ನಾವು ಮಾಡುವ ಸರಾಸರಿ, ವ್ಯಾಪ್ತಿ, ಮಾನಕ ವಿಚಲನೆ ಇದಕ್ಕೇ ಅಲ್ಲವೇ? ಪುಸ್ತಕದ ಲೆಕ್ಕದ ಬದಲು ನಮ್ಮ ರೈಫಲ್‌ನ ಹತ್ತು ಅಂಕಿಗಳನ್ನೇ ತಗೊಂಡರೆ ಲೆಕ್ಕವೂ ಬೇಗ ತಲೆಗೆ ಹತ್ತುತ್ತದೆ.

ವೇಗ ಅಳೆಯುವುದು ಕೈಗೆ ಸಿಕ್ಕರೆ ಹುಡುಗರು ವೇಗ ಹೆಚ್ಚಿಸಲು ಹೋಗುತ್ತಾರೆ ಎಂಬ ಭಯವನ್ನು ಒಬ್ಬ ಉಪನ್ಯಾಸಕರು ಹೇಳಿದರು. ನನ್ನ ಅಬ್ಬಾ ಕೂಡ ಇದನ್ನೇ ಕೇಳಿದರು. ಭಯ ನ್ಯಾಯವಾದದ್ದೇ. 2016ರ ಶಸ್ತ್ರಾಸ್ತ್ರ ನಿಯಮಗಳಲ್ಲಿ ಏರ್‌ಗನ್‌ಗೆ 20 ಜೌಲ್ ಶಕ್ತಿಯ ಗೆರೆ ಹಾಕಲಾಗಿದೆ. 0.53 ಗ್ರಾಂ ಪೆಲೆಟ್ 170ರ ವೇಗದಲ್ಲಿ ಹೋದರೆ 8 ಜೌಲ್ ಕೂಡ ಆಗುವುದಿಲ್ಲ. ನಾವು ಆ ಗೆರೆಯಿಂದ ಬಹಳ ದೂರವಿದ್ದೇವೆ ಎಂದು ಬಾಯಲ್ಲಿ ಹೇಳುವುದಕ್ಕಿಂತ ದಿನಾಂಕ ಹಾಕಿದ ರಿಜಿಸ್ಟರಿನಲ್ಲಿ ತೋರಿಸುವುದು ಮೇಲು. ಸಾಧನ ಸರ್ ಬಳಿಯೇ ಇರಲಿ. ತಿಂಗಳಿಗೊಮ್ಮೆ ಅವರ ಎದುರಲ್ಲೇ ಪ್ರತಿ ರೈಫಲ್‌ನ ಹತ್ತು ಹೊಡೆತಗಳನ್ನು ಅಳೆದು ಬರೆಯೋಣ. ಯಾರಾದರೂ ಕೈಯಾಡಿಸಿದ್ದರೆ ಅದೂ ಅಲ್ಲೇ ಸಿಕ್ಕಿಬೀಳುತ್ತದೆ.

ಅಬ್ಬಾ ದಿನಸಿ ಅಂಗಡಿ ಇಟ್ಟಿದ್ದಾರೆ. ಪ್ರತಿ ವರ್ಷ ತಕ್ಕಡಿಗೆ ಸರ್ಕಾರದ ಮುದ್ರೆ ಹಾಕಿಸುತ್ತಾರೆ. ತೂಕ, ಅಳತೆಯಲ್ಲಿ ಕಡಿಮೆ ಕೊಡುವವರ ಹೆಸರಿನಲ್ಲೇ ಕುರಾನಿನಲ್ಲಿ ಒಂದು ಸೂರಾ ಇದೆ, ಅಲ್ ಮುತಫ್ಫಿಫೀನ್. ಅದು ವ್ಯಾಪಾರಿಗಳಿಗೆ ಮಾತ್ರ ಎಂದುಕೊಂಡಿದ್ದೆ. ಒಬ್ಬ ಹುಡುಗನ ಶ್ರಮವನ್ನು ಅಳೆಯದೆ ಕಡಿಮೆ ಎಂದು ಬಿಟ್ಟದ್ದೂ ಅದೇ ತಪ್ಪು ಎಂದು ಈಗ ಅನ್ನಿಸುತ್ತದೆ.

ಕಳೆದ ವಾರ ಅವನ ತರಗತಿಗೆ ಹೋಗಿ ಕ್ಷಮೆ ಕೇಳಿದೆ. "ಪರವಾಗಿಲ್ಲ ಭಾಯ್" ಎಂದ. ಆದರೆ ಬರುತ್ತೇನೆ ಎನ್ನಲಿಲ್ಲ. ಹೊಸ ಜೆರ್ಸಿ ಮುಂದಿನ ವರ್ಷಕ್ಕೆ ಇರಲಿ. ಅವನ ಹಾಗೆ ಇನ್ನೊಬ್ಬರು ಹೋಗುವ ಮೊದಲು ಕ್ರೀಡಾ ವಿಭಾಗ ಆ ಸಣ್ಣ ಪೆಟ್ಟಿಗೆಯನ್ನು ತರಿಸಲಿ ಎಂಬುದು ನನ್ನ ವಿನಂತಿ.