ಬಾನೆಟ್ ಗುದ್ದಿ ತೋರಿಸುವವರಿಗೆ

'ಹಳೇ ಗಾಡಿ ಅಂದ್ರೆ ಗಾಡಿ ಸ್ವಾಮಿ, ಈಗಿನವೆಲ್ಲ ಬರೀ ಡಬ್ಬ.' ಸೆಕೆಂಡ್ ಹ್ಯಾಂಡ್ ಕಾರು ನೋಡಲು ಹೋದವರಿಗೆ ಈ ಮಾತು ಹೊಸದಲ್ಲ. ಮಾರುವವನು ಬಾನೆಟ್ ಮೇಲೆ ಎರಡು ಸಲ ಗುದ್ದುತ್ತಾನೆ. ಠಣ್ ಎಂಬ ಸದ್ದಿಗೆ ಮನೆಮಂದಿಯೆಲ್ಲ ತಲೆದೂಗುತ್ತಾರೆ.

ಆ ಸದ್ದನ್ನು ನಂಬಬೇಡಿ. ಡಿಕ್ಕಿಯಾದಾಗ ಕಾರಿನ ಮೂತಿ ನಜ್ಜುಗುಜ್ಜಾಗಿ ಹೊಡೆತವನ್ನು ನುಂಗಬೇಕು, ಜನ ಕೂತ ಗೂಡು ಮಾತ್ರ ಕುಸಿಯಬಾರದು. ಮೂತಿ ಬಗ್ಗದಿದ್ದರೆ ಆ ಹೊಡೆತ ತಿನ್ನುವುದು ನಮ್ಮ ಎದೆಗೂಡು. 2014ರ ಜನವರಿಯಲ್ಲಿ ಗ್ಲೋಬಲ್ ಎನ್‌ಕ್ಯಾಪ್ ಸಂಸ್ಥೆ ಭಾರತದ ಐದು ಸಣ್ಣ ಕಾರುಗಳ ಪರೀಕ್ಷೆಯ ಫಲಿತಾಂಶ ಪ್ರಕಟಿಸಿತು. ಗಂಟೆಗೆ 64 ಕಿ.ಮೀ. ವೇಗದಲ್ಲಿ ಗುದ್ದಿಸಿದಾಗ ಏರ್‌ಬ್ಯಾಗ್ ಇಲ್ಲದ ಆ ಐದಕ್ಕೂ ಸಿಕ್ಕಿದ್ದು ಸೊನ್ನೆ ನಕ್ಷತ್ರ. ಅದೇ ಕಾಲದ ಕಾರುಗಳು ಈಗ ಹೊಸ ಪಾಲಿಶ್ ಬಳಿದುಕೊಂಡು 'ಸಿಂಗಲ್ ಓನರ್' ಹಲಗೆಯಡಿ ನಿಂತಿವೆ.

ಹೊಸ ಕಾರುಗಳಿಗೆಲ್ಲ ಎಬಿಎಸ್ ಕಡ್ಡಾಯವಾದದ್ದು 2019ರ ಏಪ್ರಿಲ್‌ನಿಂದ, ಚಾಲಕನ ಏರ್‌ಬ್ಯಾಗ್ ಅದೇ ಜುಲೈಯಿಂದ. ಇವಿಲ್ಲದ ಹೊಸ ಕಾರನ್ನು ಇಂದು ಮಾರುವಂತಿಲ್ಲ. ಇವಿಲ್ಲದ 2012ರ ಕಾರು ಕೈ ಬದಲಾದರೆ ಯಾರೂ ಚಕಾರವೆತ್ತುವುದಿಲ್ಲ. ಆಗ ಸಣ್ಣ ಕಾರುಗಳಲ್ಲಿ ಏರ್‌ಬ್ಯಾಗ್ ಇರುತ್ತಿದ್ದದ್ದು ಹೆಚ್ಚಾಗಿ ದುಬಾರಿ ಮಾಡೆಲ್‌ಗೆ. ಮೊದಲನೆಯವನು ಉಳಿಸಿದ ದುಡ್ಡಿಗೆ ಮೂರನೆಯವನು ಪ್ರಾಣವನ್ನು ಅಡವಿಡುತ್ತಿದ್ದಾನೆ.

ಇನ್ನು ವಯಸ್ಸಿನ ಕಾಯಿಲೆಗಳು. ಬ್ರೇಕ್ ಆಯಿಲ್ ವರ್ಷಗಟ್ಟಲೆ ತೇವ ಹೀರುತ್ತದೆ. ಚಾರ್ಮಾಡಿ ಘಾಟಿ ಇಳಿಯುವಾಗ ಬ್ರೇಕ್ ಕಾದು ಆ ಆಯಿಲ್ ಕುದಿದರೆ ಪೆಡಲ್ ನೆಲಕ್ಕೆ ತಾಗುತ್ತದೆ, ಗಾಡಿ ಮಾತ್ರ ನಿಲ್ಲುವುದಿಲ್ಲ. ಟೈರಿನ ಗೆರೆ ಸವೆದಿರದಿದ್ದರೂ ರಬ್ಬರ್ ಮುದಿಯಾಗಿರಬಹುದು: ಪಕ್ಕದಲ್ಲಿ 2316 ಎಂದಿದ್ದರೆ ಅದು 2016ರ 23ನೇ ವಾರದ್ದು. ಕರಾವಳಿಯಲ್ಲಿ ಓಡಿದ ಗಾಡಿಯಾದರೆ ಉಪ್ಪುಗಾಳಿ ಅಡಿಯನ್ನು ತಿಂದಿರುತ್ತದೆ. ಮೇಲಿನ ಬಣ್ಣ ಇದನ್ನೆಲ್ಲ ಹೇಳುವುದಿಲ್ಲ.

ಸರ್ಕಾರವೂ ಕೇಳುವುದಿಲ್ಲ. ಖಾಸಗಿ ಕಾರಿನ ಹೊಗೆಯನ್ನು ಕಾಲಕಾಲಕ್ಕೆ ತಪಾಸಣೆ ಮಾಡಿಸಲೇಬೇಕು. ಬ್ರೇಕು, ಸ್ಟಿಯರಿಂಗಿಗೆ 15 ವರ್ಷ ತುಂಬಿ ನೋಂದಣಿ ನವೀಕರಿಸುವವರೆಗೆ ಅಂಥ ಕಟ್ಟಳೆಯಿಲ್ಲ. ಅಷ್ಟರೊಳಗೆ ಕಾರು ನಾಲ್ಕು ಕೈ ದಾಟಿರಬಹುದು.

'ಹಾಗಾದರೆ ಬಡವರು ಕಾರು ಹತ್ತಬಾರದೇ?' ನ್ಯಾಯವಾದ ಪ್ರಶ್ನೆ. ಮಳೆಯಲ್ಲಿ ಒಂದೇ ಸ್ಕೂಟರಿನ ಮೇಲೆ ನಾಲ್ವರು ಹೋಗುವುದಕ್ಕಿಂತ ಹಳೆಯ ಕಾರು ಎಷ್ಟೋ ವಾಸಿ. ಆದ್ದರಿಂದಲೇ ಅದನ್ನು ನಿಷೇಧಿಸಿ ಎನ್ನುತ್ತಿಲ್ಲ, ಪರೀಕ್ಷಿಸಿ ಎನ್ನುತ್ತಿದ್ದೇನೆ. ಆರ್‌ಸಿಯಲ್ಲಿ ಹೆಸರು ಬದಲಾಗುವ ಪ್ರತಿ ಸಲವೂ ಬ್ರೇಕು, ಸ್ಟಿಯರಿಂಗ್, ಟೈರು, ಚಾಸಿಗಳ ತಪಾಸಣೆ ಕಡ್ಡಾಯವಾಗಲಿ. ಅಪಘಾತವಾಗಿದ್ದರೆ ಮಾರುವವನು ಬರೆದು ಕೊಡಲಿ. ಸುರಕ್ಷತೆ ಶೋರೂಮಿಗೆ ಹೋಗಬಲ್ಲವರ ಸೊತ್ತಾಗಬಾರದು.

ಅಲ್ಲಿಯತನಕ ನಮ್ಮ ಜಾಗ್ರತೆ ನಮಗೆ. ಕಾರು ತಂದ ವಾರವೇ ಸೀಟ್ ಕವರ್, ಮ್ಯೂಸಿಕ್ ಸಿಸ್ಟಂ ಹಾಕಿಸುವ ನಾವು ಆ ದುಡ್ಡನ್ನು ಮೊದಲು ಟೈರಿಗೂ ಬ್ರೇಕಿಗೂ ಇಡೋಣ. ಮುಂದಿನ ಸಲ ಯಾರಾದರೂ ಬಾನೆಟ್ ಗುದ್ದಿ ತೋರಿಸಿದರೆ, 'ಗಾಡಿ ಮೇಲೆತ್ತಿ ಸ್ವಾಮಿ, ಅಡಿ ನೋಡಬೇಕು' ಎನ್ನಿ. ಎತ್ತಲು ಒಪ್ಪದಿದ್ದರೆ ಬಂದ ಬಸ್ಸಿನಲ್ಲೇ ಮನೆಗೆ ಹೊರಡಿ.