ಒಂದೇ ಕಣ, ಬೇರೆ ಬೇರೆ ಹೊಟ್ಟೆ

ಮಕ್ಕಳೇ, ಮೆಕ್ಕೆಜೋಳದ ಸುಗ್ಗಿ ಬಂತೆಂದರೆ ನಮ್ಮ ಜಗಳೂರು ಸೀಮೆಯಲ್ಲಿ ಕಣ, ಅಂಗಳ, ರಸ್ತೆಯ ಅಂಚು ಎಲ್ಲವೂ ಹಳದಿ. ಆ ರಾಶಿಯ ಮೇಲೆ ಕೋಳಿಗೂ ಕಣ್ಣು, ಕುರಿಗೂ ಕಣ್ಣು. ಕೋಳಿ ಹೆಕ್ಕಿದರೆ ನಾನು ‘ಹುಶ್’ ಅಂದು ಸುಮ್ಮನಾಗುತ್ತೇನೆ. ಕುರಿ ಬಾಯಿ ಹಾಕಿತೋ, ಎದ್ದು ಓಡುತ್ತೇನೆ. ಏಕೆ ಗೊತ್ತೇ?

ಕೋಳಿಗೆ ಹಲ್ಲಿಲ್ಲ. ನುಂಗಿದ ಕಾಳು ಮೊದಲು ಕೊರಳಿನ ಚೀಲದಲ್ಲಿ ನೆನೆಯುತ್ತದೆ. ಆಮೇಲೆ ಜೀರ್ಣರಸ ಬೆರೆತು, ಗಟ್ಟಿ ಮಾಂಸದ ಇನ್ನೊಂದು ಚೀಲಕ್ಕೆ ಇಳಿಯುತ್ತದೆ. ಕೋಳಿ ನುಂಗಿದ ಸಣ್ಣ ಹರಳುಗಳು ಅಲ್ಲಿ ಬೀಸುಕಲ್ಲಿನಂತೆ ಕಾಳನ್ನು ಅರೆಯುತ್ತವೆ. ಅದು ಕಾಳಿಗೆ ಒಗ್ಗಿದ ಹೊಟ್ಟೆ.

ಕುರಿ, ಮೇಕೆ, ಹಸು, ಎಮ್ಮೆಗಳದು ಹುಲ್ಲು ಸೊಪ್ಪಿಗೆ ಒಗ್ಗಿದ ಹೊಟ್ಟೆ. ಅದರಲ್ಲಿ ನಾಲ್ಕು ಕೋಣೆ. ಮೊದಲನೆಯದೇ ಎಲ್ಲಕ್ಕಿಂತ ದೊಡ್ಡದು. ದೊಡ್ಡ ಹಸುವಿನಲ್ಲಿ 100 ಲೀಟರಿಗೂ ಹೆಚ್ಚು ಹಿಡಿಯುತ್ತದೆ. ಅಲ್ಲಿರುವ ಕೋಟಿ ಕೋಟಿ ಸೂಕ್ಷ್ಮಜೀವಿಗಳು ಹುಲ್ಲಿನ ನಾರನ್ನು ಹುದುಗಿಸುತ್ತವೆ. ಮೆಲುಕು ಹಾಕುವಾಗ ತಿರುಗಿ ಬಾಯಿಗೆ ಬರುವುದು ಈ ಕೋಣೆಯ ಮೇವೇ. ನಮ್ಮ ತಾಲ್ಲೂಕಿನ ರಂಗಯ್ಯನದುರ್ಗದ ಕಾಡಿನಲ್ಲಿರುವ, ನಾಲ್ಕು ಕೊಂಬಿನ ಕೊಂಡುಕುರಿಯೂ ಇದೇ ಬಳಗದ್ದು.

ಕತ್ತೆಯೂ ಹುಲ್ಲನ್ನೇ ಮೇಯುತ್ತದೆ, ಆದರೆ ಮೆಲುಕು ಹಾಕುವುದಿಲ್ಲ. ಅದರ ಹೊಟ್ಟೆಗೆ ಒಂದೇ ಕೋಣೆ. ನಾರು ಹುದುಗುವುದು ಹಿಂದಿನ ದೊಡ್ಡ ಕರುಳಿನಲ್ಲಿ.

ಈಗ ಕುರಿಯ ಕಥೆಗೆ ಬರೋಣ. ಅಭ್ಯಾಸವಿಲ್ಲದ ಕುರಿ ಒಮ್ಮೆಲೇ ಕಾಳು ಮುಕ್ಕಿದರೆ, ಕಾಳಿನ ಹಿಟ್ಟಿನಂಶ ಹೊಟ್ಟೆಯಲ್ಲಿ ಬಲು ಬೇಗ ಹುಳಿಯಾಗುತ್ತದೆ. ಬೇಸಿಗೆಯಲ್ಲಿ ದೋಸೆಹಿಟ್ಟು ಹುಳಿ ಏರುವುದನ್ನು ನೋಡಿದ್ದೀರಲ್ಲ, ಹಾಗೆ. ಆ ಹುಳಿಗೆ ನಾರು ಕರಗಿಸುವ ಜೀವಿಗಳೇ ಸಾಯುತ್ತವೆ. ಮೈಯೊಳಗಿನ ನೀರನ್ನೆಲ್ಲ ಹೊಟ್ಟೆ ಎಳೆದುಕೊಳ್ಳುತ್ತದೆ. ಒಂದೆರಡು ದಿನದಲ್ಲಿ ಪ್ರಾಣವೇ ಹೋಗಬಹುದು. ಒಂದು ಕುರಿ ಹೋದರೆ ಕುರಿ ಸಾಕಿದ ಮನೆಗೆ ಅದೆಷ್ಟು ನಷ್ಟ ಎಂದು ಅಜ್ಜನನ್ನು ಕೇಳಿ.

ಕಾಳು ಕೊಡಲೇಬಾರದು ಅಂತಲ್ಲ. ದಿನದಿನಕ್ಕೆ ಸ್ವಲ್ಪ ಸ್ವಲ್ಪವೇ ಹೆಚ್ಚಿಸಿ, ಜೊತೆಗೆ ಒಣಮೇವು ಹಾಕಿದರೆ ಹೊಟ್ಟೆಯ ಜೀವಿಗಳೂ ಹೊಂದಿಕೊಳ್ಳುತ್ತವೆ.

ಅಜ್ಜ ಅಜ್ಜಿಯರು ಕೊಟ್ಟಿಗೆಗೆ ಹೋದೊಡನೆ “ಮೆಲುಕು ಹಾಕ್ತಿದೆಯೇನೋ, ನೋಡೋ” ಅನ್ನುವುದು ಸುಮ್ಮನೆ ಅಲ್ಲ. ಕಾಳು ತಿಂದ ಕುರಿ ಮೆಲುಕು ನಿಲ್ಲಿಸಿ ಮಂಕಾಗಿ ನಿಂತಿದ್ದರೆ, ಎಡಪಕ್ಕೆ ಉಬ್ಬಿದ್ದರೆ, ಬೆಳಗಾಗಲಿ ಎಂದು ಕಾಯಬೇಡಿ. ಪಶುವೈದ್ಯರನ್ನು ಕರೆಸಿ, ಪಶುಪಾಲನಾ ಇಲಾಖೆಯ ಸಹಾಯವಾಣಿ 1962.

ಮಕ್ಕಳೇ, ನಿಮಗೂ ಒಂದು ಕೆಲಸ. ಸಂಜೆ ಕುರಿ ಮನೆಗೆ ಬರುವ ಮೊದಲು ಜೋಳದ ರಾಶಿಗೆ ತಾಡಪಾಲು ಮುಚ್ಚಿ, ನಾಲ್ಕೂ ಮೂಲೆಗೆ ಕಲ್ಲು ಹೇರಿ.